ಮೂರು ಹಲ್ಲಿನ ಚಕ್ಕು

ಬಸವಣ್ಣೆವ್ವನಿಗೆ ಒಂದು ಕಡೆ ಕುಳಿತು ಗೊತ್ತಿರಲಿಲ್ಲ. ಬೆಟಗೇರಿಯ ನಮ್ಮ ಓಣಿಯ ಮಗ್ಗಗಳಿಗೆಲ್ಲ ನೂಲು ಸುತ್ತುವ ಕಂಡಿಕೆ ಕಡೆದು ಕೊಡುತ್ತಿದ್ದವಳು ಅವಳು. ಗಂಡ ತೀರಿಕೊಂಡ ಮೇಲೆ ಅವನು ಕಾಲಿನಿಂದ ತುಳಿಯುತ್ತಿದ್ದ, ಕಟ್ಟಿಗೆ ತಿರುಗಿಸಿ ಕಡೆಯುವ ಲೇತಿಗೆ ತಾನೇ ನಿಂತಳು. ಗಂಡನ ಅಣ್ಣ ದೇವಪ್ಪನಿಗೆ ಆ ಲೇತಿನ ಮೇಲೆ ಕಣ್ಣಿತ್ತು. ಗಂಡ ಸತ್ತವಳು ಇನ್ನೆಷ್ಟು ದಿನ ತುಳಿದಾಳು ಎಂದು ಕಾಯುತ್ತಿದ್ದ. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಕಂಡಿಕೆಯ ನಡುವೆ ತೂತು ಕೊರೆಯಬೇಕು. ಅದಕ್ಕೆ ಕಟ್ಟಿಗೆಯನ್ನು ಒಂದೇ ತುದಿಯಲ್ಲಿ ಕಬ್ಬಿಣದ ಹಲ್ಲುಗಳಿಂದ ಕಚ್ಚಿ ಹಿಡಿಯುವ ಚಕ್ಕು ಬೇಕು. ಅವಳ ಹಳೆಯ ಚಕ್ಕು ಸವೆದು ಕಟ್ಟಿಗೆಯನ್ನು ಎಗರಿಸುತ್ತಿತ್ತು. ೧೯೫೬ರ ದಸರೆ ಹತ್ತಿರವಾಗಿತ್ತು. ಕನ್ನಡ ನಾಡು ಒಂದಾಗುತ್ತದೆಂದು ಊರೆಲ್ಲ ಅದೇ ಮಾತು. ಇವಳಿಗೆ ಚಕ್ಕಿನದೇ ಧ್ಯಾನ. ಗದಗಿನ ಸ್ಟೇಶನ್ ಬಳಿ ನಜೀರಸಾಬನ ಹಳೇ ಕಬ್ಬಿಣದ ಅಂಗಡಿಗೆ ಹೋಗುವಳು, ಬರುವಳು, ಅರ್ಧ ದಾರಿಯಿಂದ ಮತ್ತೆ ತಿರುಗುವಳು.

“ನಾಕ ಹಲ್ಲಿಂದು ಒಯ್ಯಿ ತಂಗೆವ್ವ, ಚೌಕ ಕಟ್ಟಿಗಿನೂ ಹಿಡೀತೈತಿ,” ಎಂದ ನಜೀರಸಾಬ. “ಆದ್ರ ಒಂದೊಂದು ಹಲ್ಲೂ ಬ್ಯಾರೆ ಬ್ಯಾರೆ ತಿರುವಬೇಕು ನೋಡು.”

“ನಂದೆಲ್ಲಾ ಗುಂಡನ ಕೆಲಸರಿ ಅಣ್ಣಾರ. ಒಮ್ಮೆ ಕೀಲಿ ತಿರುವಿದ್ರ ಮೂರೂ ಹಲ್ಲು ಕೂಡೇ ಬರೋದನ್ನ ಕೊಡ್ರಿ.”

ಅವಳು ತಂದ ಮೂರು ಹಲ್ಲಿನ ಚಕ್ಕನ್ನು ನೋಡಿ ದೇವಪ್ಪ ಮೂಗು ಮುರಿದ. “ನಾಕ ಹಲ್ಲಿಂದು ಬಿಟ್ಟು ಇದನ್ಯಾಕ ತಂದಿ? ಕೆಲಸ ಕೆಟ್ಟರ ಲೇತು ನಮ್ಮ ಮನಿಗೆ ಒಯ್ಯಾಂವನ.”

ಚಕ್ಕು ಚೆನ್ನಾಗಿಯೇ ನಡೆಯಿತು. ಆಯುಧ ಪೂಜೆಯ ಖಂಡೇನವಮಿ ಬಂತು. ಬಸವಣ್ಣೆವ್ವ ಮೂರೂ ಹಲ್ಲು ಬಿಚ್ಚಿ, ಬೂದಿ ಹಚ್ಚಿ ತಿಕ್ಕಿ ಫಳಫಳ ಮಾಡಿದಳು. ಪೂಜೆ ಮಾತ್ರ ಗಂಡಸಿನ ಕೈಯಿಂದಲೇ ಆಗಬೇಕಂತೆ! ದೇವಪ್ಪ ಬಂದು ವಿಭೂತಿ ಹಚ್ಚಿ, ಹೂ ಏರಿಸಿ, ಹಲ್ಲುಗಳನ್ನು ತಾನೇ ಜೋಡಿಸಿ, ಹೋಳಿಗೆ ಉಂಡು ಹೋದ.

ಬನ್ನಿ ಹಬ್ಬ ಮುಗಿದು ಲೇತು ತುಳಿದರೆ ಕಟ್ಟಿಗೆ ಓಲಾಡತೊಡಗಿತು. ತೂತು ಒಂದು ಮಗ್ಗುಲಿಗೆ ಬಿತ್ತು. ಆ ಕಂಡಿಕೆಗಳು ನಮ್ಮ ಮನೆಯ ರಾಟಿಯ ಮೇಲೆ ಕುಣಿದು ನೂಲು ಹರಿಯಿತು. ನಮ್ಮವ್ವನೇ ಅವನ್ನು ತಿರುಗಿ ಕೊಟ್ಟು ಬಂದಳು.

“ಗಂಡ ಸತ್ತಾಕಿ ತೊಳದದ್ದಕ್ಕ ಹಿಂಗಾಗೇತಿ,” ಎಂದ ದೇವಪ್ಪ. “ಸೋಮವಾರ ಲೇತು ಒಯ್ಯಾಕ ಚಕ್ಕಡಿ ತರ್ತೀನಿ.”

ಅವಳೂ ಅದನ್ನು ನಂಬಿಬಿಟ್ಟಳು. ನನಗೆ ಸಿಟ್ಟು ಬರುವುದು ಅದಕ್ಕೇ. ಅವಳಿಗೆ ಊಟ ಸೇರಲಿಲ್ಲ. ಲೇತಿನ ಮುಂದೆ ನಿಲ್ಲುವಳು, ಹೊರಗೆ ಬರುವಳು, ತನ್ನ ಕೈಯನ್ನೇ ತಿರುವಿ ತಿರುವಿ ನೋಡಿಕೊಳ್ಳುವಳು. ಸೋಮವಾರ ಬೆಳಿಗ್ಗೆ ತಡೆಯಲಾಗದೆ ಹಲ್ಲುಗಳನ್ನು ಮತ್ತೆ ಬಿಚ್ಚಿದಳು. ವಿಭೂತಿ ಒರೆಸಿದಾಗ, ಹಬ್ಬದ ಗಡಿಬಿಡಿಯಲ್ಲಿ ಲಕ್ಷ್ಯಕ್ಕೆ ಬರದಿದ್ದ ಗುರುತುಗಳು, ಒಂದು ಹಲ್ಲಿನ ಮೇಲೆ ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು, ಮತ್ತೊಂದರ ಮೇಲೆ ಮೂರು ಕಂಡವು. ಹಲ್ಲು ಕೂರುವ ಸಂದುಗಳ ಬಳಿಯೂ ಅವೇ ಚುಕ್ಕೆಗಳು. ಒಂದರದು ಒಂದಕ್ಕೆ, ಎರಡರದು ಎರಡಕ್ಕೆ ಕೂರಿಸಿ ಕೀಲಿ ತಿರುವಿದಳು. ಕಟ್ಟಿಗೆ ಅಲುಗದೆ ನಿಂತು ತಿರುಗಿತು. ಅವಳು ಗಳಗಳ ಅತ್ತಳು.

ದೇವಪ್ಪ ಚಕ್ಕಡಿ ತಂದಾಗ ಅವಳು ಹೊಸ ಕಂಡಿಕೆಗೆ ತೂತು ಕೊರೆಯುತ್ತಿದ್ದಳು. ಅವನು ಬಗ್ಗಿ ನೋಡಿದ.

“ಏನ ಮಾಡಿದಿ?”

“ಹಲ್ಲು ಅದಲು ಬದಲಾಗಿದ್ವುರಿ ಭಾವಾರ. ಜೋಡಿಸಿದಾವ್ರು ನೀವ,” ಎಂದಳು ಬಸವಣ್ಣೆವ್ವ, ತುಳಿಯುವುದನ್ನು ನಿಲ್ಲಿಸದೆ. “ಬರೋ ಖಂಡೇನವಮಿಗೆ ಪೂಜಿ ನಾನ ಮಾಡ್ತೀನಿ. ನೀವು ಹೋಳಿಗಿ ಊಟಕ್ಕ ಬರ್ರಿ.”