ಇನ್ನೂ ಬಾರದ ಸಂಖ್ಯೆ

ಬೈರೂತಿನಲ್ಲಿ ಕಂಪ್ಯೂಟರ್ ಕಲಿಸುವ ಉಸ್ತಾದ್ ಮುನೀಫನ ಮನೆಗೆ ಹೋದವರು ಕಾಫಿಗೆ ಮೊದಲು ಅವನ ಸಂಖ್ಯೆಗಳ ಕಥೆ ಕೇಳಲೇಬೇಕು. ಸೊನ್ನೆಯಿಂದ ಹೊರಡು, ಪ್ರತಿ ಸಲವೂ ಹೆಜ್ಜೆ ಒಂದರಷ್ಟು ಉದ್ದವಾಗಲಿ, ಅಷ್ಟು ಹಿಂದೆ ಇನ್ನೂ ಮೆಟ್ಟದ ಜಾಗವಿದ್ದರೆ ಹಿಂದಕ್ಕೆ ಹೋಗು, ಇಲ್ಲವಾದರೆ ಮುಂದಕ್ಕೆ. ಅವನ ಕೋಡ್ ಇಷ್ಟೇ. ಹೀಗೆ ಕುಪ್ಪಳಿಸುತ್ತ ಹೋದರೆ ಎಲ್ಲ ಸಂಖ್ಯೆಗಳೂ ಒಂದಲ್ಲ ಒಂದು ದಿನ ಬರುತ್ತವೆಂದು ಅವನ ನಂಬಿಕೆ. ಆದರೆ ಎಂಟು ಲಕ್ಷದ ಚಿಲ್ಲರೆಯ ಒಂದು ಸಂಖ್ಯೆ ಲೋಕದ ದೊಡ್ಡ ಯಂತ್ರಗಳಿಗೂ ಇನ್ನೂ ಸಿಕ್ಕಿಲ್ಲ. ಅದಕ್ಕಾಗಿ, ಕರೆಂಟ್ ಹೋಗಿ ಜನರೇಟರ್ ಸೊರಗಿದಾಗ ಅವನು ಫ್ರಿಜ್ ಬಂದ್ ಮಾಡುತ್ತಾನೆಯೇ ಹೊರತು ಕಂಪ್ಯೂಟರನ್ನಲ್ಲ. ಮೊಸರು ಕೆಟ್ಟರೆ ಕೆಡಲಿ. "ಅದು ಬರಲ್ಲ ಬಿಡಿ ಉಸ್ತಾದ್" ಎಂದು ವಿದ್ಯಾರ್ಥಿಗಳು ಛೇಡಿಸಿದರೆ, "ಬರಲ್ಲ ಅಂತ ಯಾರಾದ್ರೂ ಸಾಬೀತು ಮಾಡಿದ್ದಾರಾ?" ಎಂಬುದು ಅವನ ಕಾಯಂ ಉತ್ತರ. ಗಣಿತದ ಗಂಧವಿಲ್ಲದ ಅವನ ತಾಯಿ ಮಾತ್ರ ದಿನಾ ಸಂಜೆ "ಬಂತೇನಪ್ಪಾ ನಿನ್ನ ನಂಬರು?" ಎಂದು ಕೇಳುತ್ತಾಳೆ. ಇಲ್ಲವೆಂದರೆ, "ಬರತ್ತೆ, ಕಾಯ್ತಿರು" ಎನ್ನುತ್ತಾಳೆ. ಯುದ್ಧದ ಕಾಲದಲ್ಲಿ ರೊಟ್ಟಿ ತರಲು ಹೋದ ಅವಳ ಹಿರಿಮಗ ನಾಸಿಫ್ ತಿರುಗಿ ಬಂದಿಲ್ಲ. ಓಣಿಯವರಿಗೆ ಅವಳು ಇಂದಿಗೂ ಉಮ್ ನಾಸಿಫ್, ಎಂದರೆ ನಾಸಿಫನ ತಾಯಿ. ಅವನಿಗೆಂದು ಬಾಗಿಲ ಬಳಿಯ ಹೂಕುಂಡದಡಿ ಅವಳು ಬೀಗದಕೈ ಇಟ್ಟಿರುತ್ತಾಳೆ. ಮೊನ್ನೆ ಪಕ್ಕದ ಮನೆಯ ವಿದಾದ್ ಅದನ್ನು ತೆಗೆದು ಅವಳ ಕೈಗಿತ್ತು, "ಕಳ್ಳರ ಕಾಲ, ಒಳಗಿಡಿ ಉಮ್ ನಾಸಿಫ್. ಅವನಿನ್ನು ಬರಲ್ಲ" ಎಂದಳು. ಮುದುಕಿ ಬಗ್ಗಿ, ಬೀಗದಕೈಯನ್ನು ಮತ್ತೆ ಕುಂಡದಡಿಗೇ ಸರಿಸಿ ಕೇಳಿದಳು: "ಬರಲ್ಲ ಅಂತ ಯಾರಾದ್ರೂ ಸಾಬೀತು ಮಾಡಿದ್ದಾರಾ?"