ಅಕ್ಕನ ಹಿತ್ತಿಲಿನ ಜೇಕು

ನನ್ನನ್ನು ಅಂಜನಾಪುರಕ್ಕೆ ಕೊಟ್ಟರು, ಅಕ್ಕನನ್ನು ಉಳವಿಗೆ. ಅಕ್ಕನಿಗೆ ಮಕ್ಕಳಾಗಲಿಲ್ಲ. ಹಿತ್ತಿಲ ತುಂಬ ಅಬ್ಬಲಿಗೆ ಹಾಕಿಕೊಂಡಿದ್ದಳು. ಬೆಳಿಗ್ಗೆ ಬಿಡಿಸಿ, ಮಾಲೆ ಕಟ್ಟಿ, ಓಣಿಯ ಹೆಣ್ಣುಮಕ್ಕಳಿಗೆಲ್ಲ ಹಂಚುವಳು. ಅವಳ ಜಗಳವೇನಿದ್ದರೂ ಜೇಕಿನ ಜೊತೆ. ಮೇಲೆ ಬರೀ ಹುಲ್ಲಿನ ಹಾಗೆ ಕಾಣುವ ಆ ಕಳೆ, ನೆಲದೊಳಗೆ ಗಡ್ಡೆ ಬಿಟ್ಟುಕೊಂಡು ಹಬ್ಬುತ್ತದೆ.

ಅವಳ ಹೊಟ್ಟೆಯಲ್ಲಿ ಗಡ್ಡೆಯಾಗಿ ಶಿವಮೊಗ್ಗದಲ್ಲಿ ಆಪರೇಷನ್ ಆದಮೇಲೆ, ಬಿಡುವಾದಾಗಲೆಲ್ಲ ಸೊರಬದಲ್ಲಿ ಬಸ್ಸು ಬದಲಿಸಿ ನಾನು ಉಳವಿಗೆ ಹೋಗುತ್ತಿದ್ದೆ. ಅವಳು ಹಿಂದಿನ ಜಗಲಿಯಲ್ಲಿ ಶಾಲು ಹೊದ್ದು ಕೂರುವಳು. ನಾನು ಸಣ್ಣ ಗುದ್ದಲಿ ಹಿಡಿದು ಜೇಕು ತೆಗೆಯುವೆ.

"ಕೀಳಬ್ಯಾಡ ಕಣೇ, ಅಗಿ. ಗಡ್ಡೆ ಉಳಿದ್ರೆ ಮತ್ತೆ ಬರ್ತದೆ," ಎಂದು ಒಂದು ದಿನ ಹೇಳಿದವಳು, ಸ್ವಲ್ಪ ಹೊತ್ತು ಬಿಟ್ಟು, "ನಂದೂ ಮತ್ತೆ ಬಂದೈತಂತೆ," ಎಂದಳು. ನಾನು ಗುದ್ದಲಿಯನ್ನು ಇನ್ನಷ್ಟು ಆಳಕ್ಕೆ ಹಾಕಿದೆ.

ಎರಡನೇ ಸಲ ಆಸ್ಪತ್ರೆಗೆ ಸೇರಿದಾಗ ಜೊತೆಗೆ ನಾನೇ ಇದ್ದೆ. ಭಾವ ಬಂದಾಗಲೆಲ್ಲ ಅವಳ ಮೊದಲ ಮಾತು, "ಹಿತ್ಲು ಹೆಂಗೈತ್ರೀ?"

"ಚೆನ್ನಾಗೈತೆ," ಎನ್ನುತ್ತಿದ್ದರು ಭಾವ. ಅಲ್ಲಿ ಹೂವಿನ ಗಿಡ ಕಾಣದಷ್ಟು ಜೇಕು ಎದ್ದಿತ್ತು. ಅವಳು ಬರುವುದರೊಳಗೆ ಚೊಕ್ಕ ಮಾಡಬೇಕೆಂದು, ಗದ್ದೆಯ ಬದುವಿಗೆ ಹೊಡೆಯುವ ಕಳೆ ಔಷಧಿಯನ್ನು ಅವರು ಹಿತ್ತಿಲಿಗೂ ಹೊಡೆದರು.

ಮನೆಗೆ ಬಂದ ದಿನ ಅಕ್ಕ ನನ್ನ ಹೆಗಲು ಹಿಡಿದು ಹಿಂಬಾಗಿಲಿಗೆ ನಡೆದಳು. ಜೇಕು ಸುಟ್ಟು ಮಲಗಿತ್ತು. ಅಬ್ಬಲಿಗೆಯೂ ಸುಟ್ಟಿತ್ತು, ಒಂದು ಗಿಡವೂ ಉಳಿದಿರಲಿಲ್ಲ.

"ಗಾಳಿ ಇತ್ತು... ನಂಗೆ ಗೊತ್ತಾಗ್ಲಿಲ್ಲ," ಎಂದರು ಹಿಂದೆ ನಿಂತಿದ್ದ ಭಾವ.

ಅಕ್ಕ ಹೇಳಿದ್ದು ಇಷ್ಟೇ: "ಚೊಕ್ಕ ಆಗೈತಲ್ರೀ. ಒಬ್ರೇ ಎಷ್ಟು ಕಷ್ಟಪಟ್ರೋ."

ಭಾವ ಕೊಟ್ಟಿಗೆಗೆ ಹೋದರು. ನನಗೆ ಸಿಟ್ಟು ತಡೆಯಲಿಲ್ಲ. ಅವರ ಹಿಂದೆಯೇ ಹೊರಟೆ. ಅಕ್ಕ ಸೆರಗು ಹಿಡಿದು ಜಗ್ಗಿದಳು. "ಒಂದು ಮಾತೂ ಆಡಬ್ಯಾಡ. ನಾನು ಹೋದ್ಮೇಲೂ ಆಡಬ್ಯಾಡ. ನನಗೋಸ್ಕರ ಮಾಡಿದ್ದು ಅವರು."

ಮಳೆ ಬಿದ್ದ ಕೂಡಲೇ ಜೇಕು ಹಸಿರಾಗಿ ಎದ್ದಿತು. ಜೇಕು ಮಾತ್ರ. ಮಂಚದಿಂದ ಅವಳಿಗೆ ಅದು ಕಾಣುತ್ತಿತ್ತು. ಕಿಟಕಿ ಹಾಕಲೇ ಎಂದರೆ ಬೇಡ ಎನ್ನುತ್ತಿದ್ದಳು. ಗಣಪತಿ ಹಬ್ಬಕ್ಕೆ ಮೊದಲೇ ಹೋಗಿಬಿಟ್ಟಳು. ಮುತ್ತೈದೆಯ ಮುಡಿಗೆ ಹೂವು ಬೇಕಲ್ಲ. ಸೊರಬದ ಪೇಟೆಯಿಂದ ಕೊಂಡು ತರಿಸಿದೆವು.

ಅವಳು ಹೇಳಿದಂತೆ ನಾನು ಭಾವನಿಗೆ ಏನೂ ಅನ್ನಲಿಲ್ಲ. ಮೊನ್ನೆ ಹೋದಾಗ, ಕಾಫಿ ಲೋಟ ಕೈಯಲ್ಲಿ ಹಿಡಿದು ಅವರೇ ಕೇಳಿದರು: "ಆ ಗಿಡದ ವಿಷ್ಯ... ನಿಮ್ಮಕ್ಕ ನಿನ್ನ ಹತ್ರ ಏನಾದ್ರೂ ಅಂದಿದ್ಲಾ?"

"ಇಲ್ಲ ಭಾವ. ನೀವು ತನಗೋಸ್ಕರ ಮಾಡಿದ್ರಿ ಅಂದ್ಲು, ಅಷ್ಟೇ."

ಅವರು ಕಾಫಿ ಕುಡಿಯದೆ ಲೋಟವನ್ನು ಕೆಳಗಿಟ್ಟರು.

"ಬೈದಿದ್ರೆ ಚೆನ್ನಾಗಿತ್ತು," ಎಂದರು.