ರಕ್ತ ನೋಡದೆ ಕೊಟ್ಟ ಸರ್ಟಿಫಿಕೇಟು

ಯಾಮ್ನಾಳ ಎರಡು ಮಕ್ಕಳನ್ನು ಕೊಂದದ್ದು ಕೆಟ್ಟ ದೃಷ್ಟಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಮ್ಮ ಸಫಿ ಊರಿನಲ್ಲಿ ಇವತ್ತಿಗೂ ಹಾಗೆ ನಂಬಿಕೊಂಡವರಿದ್ದಾರೆ, ಒಂದು ಕಾಲಕ್ಕೆ ನಾನೂ ನಂಬಿದ್ದೆ. ಬಂದರಿನ ಪಕ್ಕದ ಮೀನು ಡಬ್ಬಿ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಒಂದೇ ಮೇಜಿಗೆ ಎದುರು ಬದುರು ನಿಂತು ಬೂತಾಯಿ ಮೀನಿನ ತಲೆ ಕತ್ತರಿಸಿದವರು ನಾನು ಮತ್ತು ಅವಳು. ಮೊದಲ ಮಗು ಏಳನೇ ತಿಂಗಳಲ್ಲಿ ಹೊಟ್ಟೆಯೊಳಗೇ ಸತ್ತಾಗ ಅವಳ ಕೊರಳಿಗೆ ದೃಷ್ಟಿ ತಾಗದಿರಲೆಂದು ಬೆಳ್ಳಿಯ ಪುಟ್ಟ ಹಸ್ತ ಕಟ್ಟಿದವಳು ನಾನೇ. ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತದೆ.

ನಮ್ಮಲ್ಲಿ ಮದುವೆ ಬರೆಸಬೇಕಾದರೆ ಹುಡುಗ ಹುಡುಗಿ ಇಬ್ಬರೂ ಅಂಟುರೋಗ ಇಲ್ಲವೆಂದು ಡಾಕ್ಟರ ಸರ್ಟಿಫಿಕೇಟು ತರಬೇಕು. ಯಾಮ್ನಾಳನ್ನು ಮದುವೆಯಾಗಲು ಹೊರಟ ಅಲ್ಲಾಲನೂ ತಂದ. ಡಾಕ್ಟರು ಅವನ ಮುಖ ನೋಡಿದರು, ಆರೋಗ್ಯವಾಗಿದ್ದೀಯಾ ಎಂದರು, ಹೌದು ಎಂದ, ಸೀಲು ಬಿತ್ತು. ಅವಳದ್ದೂ ಅಷ್ಟೇ. ಸೂಜಿ ಚುಚ್ಚಿದರೆ ಅನುಮಾನ ಪಟ್ಟ ಹಾಗಾಗುತ್ತದಲ್ಲ, ಮರ್ಯಾದಸ್ಥರನ್ನು ಹಾಗೆ ಅನುಮಾನಿಸುವುದುಂಟೇ? ಅವಳ ಅಪ್ಪ ಆ ಕಾಗದವನ್ನು ಕಾಫಿ ಅಂಗಡಿಗೆ ಒಯ್ದು ಎಲ್ಲರಿಗೂ ತೋರಿಸಿ, ಅಳಿಯ ಕಬ್ಬಿಣದಂಥವನು ಎಂದು ಬೀಗಿದ್ದ.

ಕಬ್ಬಿಣದ ಅಳಿಯ ವರ್ಷಕ್ಕೆ ಎರಡು ಸಲ ದಕ್ಷಿಣದ ದಾಖ್ಲಾಕ್ಕೆ ಆಕ್ಟೋಪಸ್ ಹಿಡಿಯುವ ದೋಣಿಗೆ ಹೋಗುತ್ತಿದ್ದ. ಹೋದರೆ ಮೂರ್ನಾಲ್ಕು ತಿಂಗಳು. ಹೆಂಡತಿಯರಿಲ್ಲದ ಆ ಊರಿನಲ್ಲಿ ಗಂಡಸರು ಏನೇನು ಮಾಡುತ್ತಾರೆಂದು ಸಫಿಯ ಹೆಂಗಸರಿಗೆಲ್ಲ ಗೊತ್ತು. ಗೊತ್ತಿಲ್ಲದವರ ಹಾಗೆ ಇರುವುದೇ ಇಲ್ಲಿ ಒಳ್ಳೆಯ ಹೆಂಗಸಿನ ಲಕ್ಷಣ.

ಎರಡನೇ ಮಗು ಜೀವಂತ ಹುಟ್ಟಿತು. ಗಂಡು. ಮೂಗು ಕಟ್ಟಿಕೊಂಡು ಹಾಲು ಕುಡಿಯಲಾಗದೆ ಒದ್ದಾಡುತ್ತಿತ್ತು, ಅಂಗೈ ಅಂಗಾಲಿನ ಚರ್ಮ ಸುಲಿಯುತ್ತಿತ್ತು. ಹನ್ನೊಂದು ದಿನ ಬದುಕಿತ್ತು. ಅವಳ ಅತ್ತೆ ರ್ಕೀಯಾ, ಸೊಸೆಯ ಗರ್ಭಕ್ಕೆ ಶೀತ ಹಿಡಿದಿದೆ ಎಂದು ತೀರ್ಪು ಕೊಟ್ಟು, ಗುಡ್ಡದ ಮೇಲಿನ ದರ್ಗಾಕ್ಕೆ ಕರೆದುಕೊಂಡು ಹೋಗಿ ಮೇಣದಬತ್ತಿ ಹಚ್ಚಿಸಿದಳು. ಯಾಮ್ನಾ ಹೆರಿಗೆಯಾದ ಇಪ್ಪತ್ತನೇ ದಿನ ಕಾರ್ಖಾನೆಗೆ ಬಂದು ನನ್ನೆದುರು ನಿಂತಳು. ಎದೆಹಾಲು ಸೋರಿ ಅಂಗಿ ಒದ್ದೆಯಾಗಿತ್ತು, ಮೇಲೆ ರಬ್ಬರಿನ ಏಪ್ರನ್ ಕಟ್ಟಿಕೊಂಡಿದ್ದಳು.

ಮೂರನೇ ಸಲ ಬಸುರಾಗಿ ನಾಲ್ಕು ತಿಂಗಳಾದಾಗ ಮೇಜಿನ ಹತ್ತಿರ ತಲೆಸುತ್ತಿ ಬಿದ್ದಳು. ನಾನೇ ಆರೋಗ್ಯ ಕೇಂದ್ರಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಸಿಹಾಮ್ ಎಂಬ ಹೊಸ ನರ್ಸು ಬಂದಿದ್ದಳು. ಎರಡು ಮಕ್ಕಳ ಕಥೆ ಕೇಳಿದವಳೇ ತೋಳಿಗೆ ಪಟ್ಟಿ ಕಟ್ಟಿ ರಕ್ತ ತೆಗೆದಳು. ವಾರ ಕಳೆದು ನಾವು ಮತ್ತೆ ಹೋದಾಗ ಬಾಗಿಲು ಮುಚ್ಚಿ, ಇದು ಸಿಫಿಲಿಸ್, ಲೈಂಗಿಕ ಸಂಪರ್ಕದಿಂದ ಹರಡುವ ರೋಗ, ಎರಡು ಮಕ್ಕಳೂ ಬಹುಶಃ ಇದರಿಂದಲೇ ಹೋಗಿರಬೇಕು, ಪೆನಿಸಿಲಿನ್ ಚುಚ್ಚಿದರೆ ವಾಸಿಯಾಗುತ್ತದೆ ಎಂದಳು.

ಯಾಮ್ನಾ ಅಳಲಿಲ್ಲ. ಹಾಗಾಗೋದಕ್ಕೆ ಸಾಧ್ಯವಿಲ್ಲ, ನಮ್ಮ ಹತ್ರ ಸರ್ಟಿಫಿಕೇಟ್ ಇದೆ ಎಂದಳು. ಆವತ್ತು ರಕ್ತ ಯಾರು ತೆಗೆದರು ಎಂದು ಸಿಹಾಮ್ ಕೇಳಿದಳು. ಯಾರೂ ತೆಗೆಯಲಿಲ್ಲ ಎಂದಳು ಇವಳು. ಸಿಹಾಮ್ ಪೆನ್ನನ್ನು ಮೇಜಿನ ಮೇಲಿಟ್ಟಳು.

"ನೋಡಕ್ಕ, ಆವತ್ತು ರಕ್ತ ನೋಡಿದ್ರೂ ಅದು ಆವತ್ತಿಗೆ ಮಾತ್ರ. ಆಮೇಲೆ ನಿನ್ ಗಂಡ ಎಷ್ಟು ಸಲ ದಾಖ್ಲಾಕ್ಕೆ ಹೋಗಿ ಬಂದ? ಅಷ್ಟು ಸಲನೂ ನೋಡ್ಬೇಕಿತ್ತು. ಈಗ ನಿಂಗೊಬ್ಬಳಿಗೆ ಚುಚ್ಚಿ ಕಳಿಸ್ತೀನಿ, ಅವನು ಬಂದು ಮತ್ತೆ ಕೊಡ್ತಾನೆ. ಹೊಟ್ಟೇಲಿರೋ ಮಗೂಗೂ ಹೋಗುತ್ತೆ."

ವಾರಕ್ಕೊಂದರಂತೆ ಮೂರು ಇಂಜೆಕ್ಷನ್ ಆದವು. ಅತ್ತೆಗೆ ಶಕ್ತಿಯ ಇಂಜೆಕ್ಷನ್ ಎಂದು ಯಾಮ್ನಾ ಹೇಳಿದಳು. ನಾನೂ ಸುಳ್ಳಿಗೆ ಸೇರಿಕೊಂಡೆ. ಒಂಟೆಯಂಥ ಗಂಡಸು ಊರೆಲ್ಲ ಮೇದು ಬರುತ್ತಾನೆ, ನಾಚಿಕೆಯಿಂದ ತಲೆತಗ್ಗಿಸಿ ಸುಳ್ಳು ಹೇಳಬೇಕಾದವರು ನಾವು.

ಅಲ್ಲಾಲ ದಾಖ್ಲಾದಿಂದ ಬರುವ ದಿನ ಯಾಮ್ನಾ ನನ್ನನ್ನು ಊಟಕ್ಕೆ ಕರೆದಳು. ಊಟಕ್ಕಲ್ಲ, ಒಬ್ಬಳೇ ಹೇಳಲು ಧೈರ್ಯ ಸಾಲದೆ ಕರೆದದ್ದು. ಮಧ್ಯಾಹ್ನ ಎಲ್ಲರೂ ಉಂಡಾಯಿತು. ರ್ಕೀಯಾ ಪುದೀನ ಹಾಕಿದ ಚಹಾ ಬಗ್ಗಿಸುತ್ತಿದ್ದಳು. ಆಗ ಯಾಮ್ನಾ ಗಂಡನಿಗೆ ವಿಷಯ ಹೇಳಿ, ರಕ್ತ ಪರೀಕ್ಷೆ ಆಗಿ, ಔಷಧಿ ಮುಗಿಯುವ ತನಕ ನನ್ನ ಹತ್ತಿರ ಬರಬೇಡಿ ಎಂದಳು.

ಅಲ್ಲಾಲನ ಮುಖ ಕೆಂಪಾಯಿತು. "ಗಟ್ಟಿಮುಟ್ಟಾಗಿದೀನಿ ನಾನು. ರೋಗ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

"ನಂಗೂ ಗೊತ್ತಾಗಿರ್ಲಿಲ್ಲ," ಎಂದಳು ಯಾಮ್ನಾ. "ಎರಡನ್ನ ಮಣ್ಣು ಮಾಡಿದ್ಮೇಲೆ ಗೊತ್ತಾಯ್ತು."

ರ್ಕೀಯಾ ಸುಮ್ಮನಿರುತ್ತಾಳೆಯೇ. ನನ್ನ ಮಗನ ಮೇಲೆ ಹೊರಿಸುತ್ತೀಯಲ್ಲ, ಕಾರ್ಖಾನೆಯ ದಾರಿಯಲ್ಲಿ ನೀನೇ ಎಲ್ಲಿಂದ ತಂದೆಯೋ ಎಂದುಬಿಟ್ಟಳು. ನನ್ನ ಕೈಯಲ್ಲಿದ್ದ ಗ್ಲಾಸನ್ನು ಅವಳ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಯಾಮ್ನಾ ಮಾತ್ರ ದನಿ ಏರಿಸಲಿಲ್ಲ.

"ಅತ್ತೆ, ಇವ್ರು ಹುಟ್ಟೋಕೆ ಮುಂಚೆ ನೀವೆಷ್ಟು ಮಕ್ಕಳನ್ನ ಕಳ್ಕೊಂಡ್ರಿ?"

"ಮೂರು. ಅದಕ್ಕೂ ಇದಕ್ಕೂ ಏನು?"

"ಮಾವನೂ ದೋಣಿ ಮೇಲೇ ಇದ್ರಲ್ವಾ?"

ರ್ಕೀಯಾ ಚಹಾದ ಪಾತ್ರೆಯನ್ನು ತಟ್ಟೆಯ ಮೇಲಿಟ್ಟಳು. ಅವಳ ಮಕ್ಕಳು ಇದರಿಂದಲೇ ಸತ್ತವೋ ಇಲ್ಲವೋ ಯಾರಿಗೆ ಗೊತ್ತು, ಆಗಲೂ ಯಾರೂ ರಕ್ತ ನೋಡಿರಲಿಲ್ಲ. ಆದರೆ ಆ ಮುದುಕಿ ತನ್ನ ಅಂಗೈಯನ್ನೇ ನೋಡಿಕೊಳ್ಳುತ್ತ, "ನನ್ ಎರಡನೇದಕ್ಕೂ ಹೀಗೇ ಸುಲೀತಿತ್ತು. ನಾನು ಎಣ್ಣೆ ಹಚ್ಚಿದ್ದೆ," ಎಂದಳು. ಮಗನ ಕಡೆ ತಿರುಗಿದಳು.

"ಏಳು. ಚಪ್ಪಲಿ ಹಾಕ್ಕೋ."

ಅಲ್ಲಾಲನ ರಕ್ತದಲ್ಲೂ ಅದೇ ಬಂತು. ಅವನೂ ಚುಚ್ಚಿಸಿಕೊಂಡ. ಸಿಹಾಮ್ ಹೆರಿಗೆಯ ತನಕ ಯಾಮ್ನಾಳ ರಕ್ತವನ್ನು ಮತ್ತೆ ಮತ್ತೆ ನೋಡಿದಳು. ಹೆಣ್ಣು ಮಗು ಹುಟ್ಟಿತು. ಅದು ಅತ್ತ ಸದ್ದಿಗೆ ಹೊರಗೆ ಕೂತಿದ್ದ ನಾನು ಗೋಡೆಗೆ ಹಣೆ ಹಚ್ಚಿ ಅತ್ತೆ. ಮಗುವಿಗೆ ಹನಿಯಾ ಎಂದು ಹೆಸರಿಟ್ಟರು.

ಇಲ್ಲಿಗೆ ಮುಗಿಯಿತು ಎಂದುಕೊಂಡವನು ಅಲ್ಲಾಲ. ಹೆರಿಗೆಯ ತನಕ ಊರಲ್ಲೇ ಉಳಿದಿದ್ದ ಅವನು ಮುಂದಿನ ಸಲ ದಾಖ್ಲಾದಿಂದ ಬರುವಾಗ ಹನಿಯಾಗೆ ಏಳು ತಿಂಗಳು. ಬಸ್ ನಿಲ್ದಾಣಕ್ಕೆ ಯಾಮ್ನಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು, ಜೊತೆಗೆ ನಾನಿದ್ದೆ. ಅವನು ಚೀಲ ಕೆಳಗಿಟ್ಟು ಎರಡೂ ಕೈ ಚಾಚಿದ. ಅಪ್ಪ ಎತ್ತಿಕೊಂಡರೆ ಮಗುವಿಗೇನೂ ಆಗುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಒಂದು ಹೆಜ್ಜೆ ಹಿಂದೆ ಸರಿದಳು.

"ಮೊದ್ಲು ಸಿಹಾಮ್ ಹತ್ರ ಹೋಗೋಣ."

"ಹೋದ ವರ್ಷ ಚುಚ್ಚಿಸ್ಕೊಂಡಿದೀನಲ್ಲೇ. ಗುಣ ಆಯ್ತು ಅಂತ ಅವಳೇ ಹೇಳಿದ್ಲಲ್ಲ," ಎಂದ ಅಲ್ಲಾಲ. ಸುತ್ತ ಜೊತೆಯ ಬೆಸ್ತರು ನಿಂತು ನೋಡುತ್ತಿದ್ದರು, ಒಬ್ಬ ಕಿಸಕ್ಕನೆ ನಕ್ಕ.

"ಹೋದ ವರ್ಷ ಹೋದ ವರ್ಷಕ್ಕಾಯ್ತು," ಎಂದಳು ಅವಳು. "ನೀವು ಈಗ ಬರ್ತಿರೋದು ದಾಖ್ಲಾದಿಂದ."

ನಕ್ಕವನ ಕಡೆ ನಾನು ತಿರುಗಿ ನೋಡಿದೆ. ಅವನ ಹೆಂಡತಿ ನಮ್ಮ ಮೇಜಿನಲ್ಲೇ ಕೆಲಸ ಮಾಡುತ್ತಾಳೆ, ಈಗ ಐದು ತಿಂಗಳ ಬಸುರಿ. ಅವಳೂ ನಿಲ್ದಾಣಕ್ಕೆ ಬಂದಿದ್ದಳು. ಗಂಡನ ಚೀಲವನ್ನು ಕೈಗೆತ್ತಿಕೊಂಡವಳು ಮನೆಯ ದಾರಿ ಹಿಡಿಯದೆ, ಸೀದಾ ಯಾಮ್ನಾಳ ಪಕ್ಕಕ್ಕೆ ಬಂದು ನಿಂತಳು.